ನಕಾಶೆಗೆ ಕಾಣದ ಕಾಲುದಾರಿ

ನಾಗಪುರದಿಂದ ಉತ್ತರಕ್ಕೆ ಹೊರಟವರಿಗೆ ಕೋರಾಡಿಯ ಗುರುತು ಮೊದಲು ಸಿಗುವುದು ಉಷ್ಣವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳಿಂದ. ಆಮೇಲೆ ಕೆರೆ, ಮಹಾಲಕ್ಷ್ಮಿ ಜಗದಂಬೆಯ ದೇಗುಲ. ಕಳೆದ ಚಳಿಗಾಲದ ಒಂದು ಭಾನುವಾರ ಇಲ್ಲಿನ ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ಆ ಕಡೆ ನಡೆದಾಡಿ ಬರೋಣವೆಂದು ನಿಶ್ಚಯಿಸಿದೆವು. ದಾರಿ ಹುಡುಕುವ ಹೊಣೆ ನನ್ನ ಪಾಲಿಗೆ ಬಂತು. ನಾನು ಯಾರನ್ನೂ ಕೇಳಲಿಲ್ಲ. ಸ್ಟ್ರಾವಾದ ಹೀಟ್‌ಮ್ಯಾಪ್ ತೆರೆದು ಕುಳಿತೆ.

ಓಡುವವರು, ನಡೆಯುವವರು, ಸೈಕಲ್ ತುಳಿಯುವವರು ತಮ್ಮ ಫೋನಿನಲ್ಲೋ ಕೈಗಡಿಯಾರದಲ್ಲೋ ದಾಖಲಿಸಿಕೊಂಡ ಜಾಡುಗಳನ್ನೆಲ್ಲ ಒಂದರ ಮೇಲೊಂದು ಹಾಸಿದರೆ ಉಂಟಾಗುವ ಚಿತ್ರವೇ ಹೀಟ್‌ಮ್ಯಾಪ್. ಹೆಚ್ಚು ಜನ ಹಾದಲ್ಲಿ ಗೆರೆ ಪ್ರಜ್ವಲಿಸುತ್ತದೆ, ಕಡಿಮೆ ಜನ ಹಾದಲ್ಲಿ ಮಂಕಾಗುತ್ತದೆ. ಅಪರಿಚಿತ ಊರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಇದೊಂದು ವರವೆಂದೇ ನಾನು ನಂಬಿದ್ದೆ.

ಅಂದು ನಾನು ಆರಿಸಿದ ಅತ್ಯಂತ ಉಜ್ವಲವಾದ ಗೆರೆ ಹೆದ್ದಾರಿಯದಾಗಿತ್ತು. ನಸುಕಿನಲ್ಲಿ ಸೈಕಲ್ ಸವಾರರು ಅಲ್ಲಿ ಗುಂಪುಗುಂಪಾಗಿ ಹೋಗುತ್ತಾರೆ. ಸೈಕಲ್ಲಿನ ಪದರವನ್ನೂ ನಡಿಗೆಯ ಪದರವನ್ನೂ ಬೇರ್ಪಡಿಸಿ ನೋಡಬೇಕೆಂಬ ಎಚ್ಚರ ನನಗಿರಲಿಲ್ಲ. ಎಂಟು ಗಂಟೆಗೆ ನಾವು ತಲುಪುವಾಗ ಲಾರಿಗಳ ಸಾಲು. “ಏನ್ರೀ ಇದು, ವಾಕಿಂಗೋ ಲಾರಿ ಮೆರವಣಿಗೆಯೋ?” ಎಂದು ಮನೆಯಾಕೆ ಕೇಳಿದಳು. ಮಂಕಾದ ಇನ್ನೊಂದು ಗೆರೆಯನ್ನು ಹಿಡಿದು ಹೋದರೆ ಅದು ಬೀಗ ಹಾಕಿದ ಗೇಟೊಂದರ ಮುಂದೆ ಮುಗಿಯಿತು. ಕೊನೆಗೆ ದಾರಿ ತೋರಿಸಿದವರು ರಸ್ತೆಬದಿಯ ಚಹಾದಂಗಡಿಯ ಅಜ್ಜ. ಹೊಲದ ಬದುವಿನ ಮೇಲೆ ಹಾದುಹೋಗುವ ಆ ದಾರಿ ನನ್ನ ಪರದೆಯ ಮೇಲೆ ಬರಿಯ ಕತ್ತಲೆ. ಅವರು ಅದನ್ನು ‘ಪಾಯವಾಟ’ ಎಂದರು. ನಾವು ಕಾಲುದಾರಿ ಎನ್ನುತ್ತೇವೆ. ಎರಡು ನುಡಿಗಳಲ್ಲೂ ಹೆಸರು ಕಾಲಿನಿಂದಲೇ ಬಂದಿದೆ.

ಸರ್ಕಾರಿ ಕಚೇರಿಯಲ್ಲಿ ಕಡತಕ್ಕೆ ಸೇರದ ಸಂಗತಿ ಇಲ್ಲವೆಂದೇ ಲೆಕ್ಕ. ಹೀಟ್‌ಮ್ಯಾಪಿನ ನ್ಯಾಯವೂ ಅದೇ. ನವರಾತ್ರಿಯಲ್ಲಿ ನಾಗಪುರದಿಂದ ಕೋರಾಡಿಯ ದೇವಿಯ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಬರುವ ಭಕ್ತರಲ್ಲಿ ಎಷ್ಟು ಮಂದಿ ತಮ್ಮ ಹೆಜ್ಜೆಗಳನ್ನು ಆ್ಯಪ್‌ಗೆ ಒಪ್ಪಿಸುತ್ತಾರೆ? ಯುಗಾದಿಯ ಮುನ್ನ ಉತ್ತರ ಕರ್ನಾಟಕದಿಂದ ನಲ್ಲಮಲದ ಕಾಡು ಹಾದು ಶ್ರೀಶೈಲಕ್ಕೆ ನಡೆಯುವ ನಮ್ಮವರೂ, ಶಿವರಾತ್ರಿಗೆ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳ ಸೇರುವವರೂ ನೆಲವನ್ನು ಸವೆಸಿದ್ದಾರೆಯೇ ಹೊರತು ಪರದೆಯನ್ನಲ್ಲ. ಸೌದೆ ಹೊರುವ ಹೆಂಗಸು, ದನ ಕಾಯುವ ಹುಡುಗ ಇವರ ನಡಿಗೆಯನ್ನು ವ್ಯಾಯಾಮವೆಂದು ಯಾರೂ ಎಣಿಸುವುದಿಲ್ಲ.

ಇದು ವಿಹಾರಕ್ಕೆ ಮಾತ್ರ ಸಂಬಂಧಿಸಿದ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸ್ಟ್ರಾವಾ ಮೆಟ್ರೊ ಎಂಬ ಹೆಸರಿನಲ್ಲಿ ಈ ದತ್ತಾಂಶ 2014ರಿಂದ ನಗರಯೋಜಕರ ಕೈ ಸೇರುತ್ತಿದೆ. ಪಾದಚಾರಿ ಮಾರ್ಗ ಎಲ್ಲಿ ಬೇಕು, ದೀಪ ಎಲ್ಲಿ ಬೇಕು ಎಂಬುದನ್ನು ಬೆಳಗಿದ ಗೆರೆಯೊಂದೇ ತೀರ್ಮಾನಿಸಿದರೆ, ದುಬಾರಿ ಗಡಿಯಾರ ಕಟ್ಟಿದವನ ಬೆಳಗಿನ ಓಟಕ್ಕೆ ರಸ್ತೆ ಸಿಗುತ್ತದೆ. ಪಾಳಿ ಮುಗಿಸಿ ಕತ್ತಲೆಯಲ್ಲಿ ಮನೆಗೆ ನಡೆಯುವ ಕೂಲಿಕಾರನಿಗೆ ಸಿಗುವುದಿಲ್ಲ.

ಬೆಳಕು ಬಿದ್ದಲ್ಲಿಯೂ ಅಪಾಯವಿದೆ. 2018ರ ಜನವರಿಯಲ್ಲಿ ಆಸ್ಟ್ರೇಲಿಯದ ವಿದ್ಯಾರ್ಥಿ ನೇಥನ್ ರೂಸರ್ ಇದೇ ನಕಾಶೆಯಲ್ಲಿ ಸೇನಾನೆಲೆಗಳ ರೂಪರೇಖೆ ಕಾಣುತ್ತಿದೆಯೆಂದು ತೋರಿಸಿದ್ದು ಜಗತ್ತಿಗೇ ಸುದ್ದಿಯಾಯಿತು. ನಿರ್ಜನ ಮರುಭೂಮಿಯಲ್ಲಿ ಸೈನಿಕರ ವ್ಯಾಯಾಮವೇ ಅವರ ಗುಟ್ಟನ್ನು ಬಿಟ್ಟುಕೊಟ್ಟಿತ್ತು. ಇನ್ನು ಜನಪ್ರಿಯತೆ ಜನಪ್ರಿಯತೆಯನ್ನೇ ಹೆರುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಕಿಕ್ಕಿರಿದಾಗ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಚಾರಣವನ್ನೇ ಸರ್ಕಾರ ತಡೆಹಿಡಿಯಬೇಕಾಯಿತು. ಆ ನೂಕುನುಗ್ಗಲಿಗೆ ಹೀಟ್‌ಮ್ಯಾಪನ್ನು ದೂರುತ್ತಿಲ್ಲ. ಆದರೆ ಎಲ್ಲರೂ ಹೋದಲ್ಲಿಗೇ ಹೋಗು ಎಂಬ ಅದರ ಉಪದೇಶ ಅಂಥ ಕಡೆಗೇ ನೂಕುತ್ತದೆ.

ಹಾಗೆಂದು ನಾನು ಆ ಆ್ಯಪನ್ನು ಅಳಿಸಿಹಾಕಿಲ್ಲ. ಅದು ಸುಳಿವು ಕೊಡಬಲ್ಲದು, ಅಪ್ಪಣೆ ಕೊಡಲಾರದು. ನಡಿಗೆಯ ಪದರವನ್ನೇ ಆರಿಸಿ, ಉಪಗ್ರಹ ಚಿತ್ರದೊಡನೆ ಹೋಲಿಸಿ, ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಡುವುದು ಒಳ್ಳೆಯದು. ನಮ್ಮ ಮನೆಯ ಸುತ್ತಲಿನ ಜಾಡನ್ನು ಮರೆಮಾಡುವ ಸೌಲಭ್ಯವೂ ಅದರಲ್ಲಿದೆ, ಬಳಸಬೇಕು.

ಎಲ್ಲಕ್ಕಿಂತ ಮೊದಲು ಅಲ್ಲಿಯವರನ್ನು ಕೇಳಬೇಕು. ಹೊರನಾಡಿನಲ್ಲಿರುವ ನಮಗೆ ಇದು ಬರಿಯ ಸೌಜನ್ಯವಲ್ಲ. ಇಷ್ಟು ವರ್ಷ ನಾಗಪುರದಲ್ಲಿದ್ದೂ ನಾನು ಕೋರಾಡಿಯ ಒಬ್ಬರೊಡನೆಯೂ ನಾಲ್ಕು ಮಾತಾಡಿರಲಿಲ್ಲ ಎಂಬುದು ಆ ದಿನ ದಾರಿ ತಪ್ಪಿದಾಗಲೇ ನನಗೆ ಹೊಳೆದದ್ದು. ಗೆರೆ ಸರಿಯಾಗಿದ್ದಿದ್ದರೆ ಆ ಅಜ್ಜನ ಅಂಗಡಿಯ ಮುಂದೆ ನಾವು ನಿಲ್ಲುತ್ತಲೂ ಇರಲಿಲ್ಲ.