'ಪರವಾ' ಎಂದರೆ ಏನು?



ನಮ್ಮ ಕುಣಿಕೋಣೂರ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗಿರಾಕಿಯ ಮಾತಿನಲ್ಲೇ ದರ ಹೇಳಬೇಕೆಂದು ಹಿರಿಯರು ನಮಗೆ ಕಲಿಸಿದ್ದರು. ಈ ಪಾಠ ಅಂಗಡಿಯ ಹೊರಗೂ ಬೇಕೆಂದು ತಿಳಿದದ್ದು ಮಾತ್ರ ತಡವಾಗಿ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತಿರದ ವಸ್ತಿಯೊಂದರ ಅಂಗನವಾಡಿಗೆ ಮರಾಠಿ ಸೇವಿಕಾ ಬಂದಿದ್ದರು. ಸಣ್ಣ ವಯಸ್ಸು, ಕೆಲಸದಲ್ಲಿ ಶ್ರದ್ಧೆ. ಒಂದು ಕೂಸಿನ ತೂಕ ಇಳಿದದ್ದನ್ನು ಕಂಡು "ಪರವಾ ದವಾಖಾನ್ಯಾತ ನ್ಯಾ" ಎಂದು ತಾಯಿಗೆ ಹೇಳಿದರು. ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದು. ತಾಯಿಯ ಕಿವಿಗೆ ಬಿದ್ದದ್ದು ನಮ್ಮ 'ಪರವಾ ಇಲ್ಲ'. ಆಕೆ ಅಂಗಡಿಗೆ ಬಂದು, "ಸಾವಕಾರ್ರ, ಬಾಯಾರು ದವಾಖಾನಿ ಪರವಾ ಅಂದ್ರು. ಹಂಗಂದ್ರ ಏನ್ರಿ?" ಎಂದು ಕೇಳಿದಳು. ವಹಿಯಿಂದ ತಲೆ ಎತ್ತದೆ, "ಪರವಾ ಇಲ್ಲ ಅಂದಿರಬೇಕು, ಹೋಗವ್ವಾ" ಎಂದೆವು. ಎರಡೂ ಭಾಷೆ ಬಲ್ಲ ನಾವೇ ಹಾಗೆಂದೆವು! ಡಾಕ್ಟರರು ಬರುವ ದಿನ ತಪ್ಪಿತು. ಹದಿನೈದು ದಿನದ ಮೇಲೆ ಕೂಸನ್ನು ಅವಸರದಿಂದ ಜತ್ತಿಗೆ ಒಯ್ಯಬೇಕಾಯಿತು. ಕೂಸು ಉಳಿಯಿತು. ಆದರೆ ಆ ಲೆಕ್ಕ ನಮ್ಮ ವಹಿಯಲ್ಲಿ ಇನ್ನೂ ಬಾಕಿ ಇದೆ.

ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ 2ರಂದು. ಆರು ವರ್ಷದೊಳಗಿನ ಮಕ್ಕಳ ಆಹಾರ, ತೂಕ, ಲಸಿಕೆ ಇವೆಲ್ಲ ಸೇವಿಕೆಯ ಮಾತು ತಾಯಿಗೆ ತಿಳಿಯುವುದರ ಮೇಲೆ ನಿಂತಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕೊಡಬೇಕೆಂದು 1956ರಲ್ಲಿ ರಾಜ್ಯಘಟನೆಗೆ ಸೇರಿದ 350-ಎ ಕಲಮು ಹೇಳುತ್ತದೆ. ಆದರೆ ಕೂಸಿನ ಹಸಿವು ಶಾಲೆಯ ತನಕ ಕಾಯುವುದಿಲ್ಲ.

ಆದ್ದರಿಂದ ಎರಡೂ ಭಾಷೆ ಬಲ್ಲ ಮನೆಗಳಿಗೆ ನಮ್ಮ ವಿನಂತಿ. ಹೊಸ ಸೇವಿಕೆಗೆ ಕನ್ನಡ ಬಾರದೆಂದು ನಗಬೇಡಿರಿ. ಹಾಲು, ಜ್ವರ, ವಾಂತಿ, ನಾಳೆ, ನಾಡಿದ್ದು, ಇಂಥ ಇಪ್ಪತ್ತು ಶಬ್ದಗಳನ್ನು ಮರಾಠಿ ಅಕ್ಷರದಲ್ಲಿ ಅವರಿಗೆ ಬರೆದುಕೊಡಿರಿ. ದಿನ ಹೇಳುವಾಗ ಕ್ಯಾಲೆಂಡರದ ಮೇಲೆ ಬೆರಳಿಟ್ಟು ತೋರಿಸಲಿ. ತೋಳಿಗೆ ಸುತ್ತುವ ಅಳತೆಪಟ್ಟಿಯ ಬಣ್ಣವನ್ನು ತಾಯಿಯೂ ನೋಡಲಿ. ಆರು ತಿಂಗಳು ದಾಟಿದ ಕೂಸಿಗೆ 11.5 ಸೆಂಟಿಮೀಟರಿಗಿಂತ ಕೆಳಗಿನ ಕೆಂಪು ಯಾವ ಭಾಷೆಯಲ್ಲೂ ಅಪಾಯವೇ. 'ತಿಳಿಯಿತೇ?' ಎಂದರೆ ತಾಯಿ ಹೂಂ ಅನ್ನುತ್ತಾಳೆ. 'ಮನೆಗೆ ಹೋಗಿ ಏನು ಮಾಡುತ್ತೀ, ಹೇಳವ್ವಾ' ಎಂದು ಕೇಳಬೇಕು. ತೂಕದ ದಿನ ನಮ್ಮ ಮನೆಯವರೊಬ್ಬರು ಒಂದು ತಾಸು ಅಲ್ಲಿ ಕುಳಿತರೆ ವ್ಯಾಪಾರವೇನೂ ಮುಳುಗದು.

ಸಮವಸರಣದಲ್ಲಿ ಭಗವಂತರ ದಿವ್ಯಧ್ವನಿ ಕೇಳಿದವರಿಗೆ ಅವರವರ ಭಾಷೆಯಲ್ಲೇ ತಿಳಿಯುತ್ತಿತ್ತೆಂದು ಓದಿದ್ದೇವೆ. ನಮ್ಮಂಥವರಿಂದ ಅದು ಆಗದ ಮಾತು. ಕೇಳಿದವರಿಗೆ ತಲೆ ಎತ್ತಿ ಉತ್ತರ ಕೊಡುವಷ್ಟಾದರೂ ಆಗಲಿ.