ಊರಿನೊಳಗಣ ವೇಗ

ಬ್ರಿಟನ್ನಿನ ಪಶ್ಚಿಮದಂಚಿನಲ್ಲಿರುವ ವೇಲ್ಸ್ ಒಂದು ಚಿಕ್ಕ ನಾಡು. ಅಲ್ಲಿಯ ಜನಸಂಖ್ಯೆ ಸುಮಾರು 31 ಲಕ್ಷ. ಅಂಥ ನಾಡಿನಲ್ಲಿ ಒಂದೇ ಅರ್ಜಿಗೆ 4 ಲಕ್ಷ 69 ಸಾವಿರಕ್ಕೂ ಮಿಕ್ಕು ರುಜುಗಳು ಬಿದ್ದುವೆಂದರೆ, ಯುದ್ಧವೋ ಕ್ಷಾಮವೋ ಒದಗಿರಬೇಕೆಂದು ಯಾರಾದರೂ ಊಹಿಸಿಯಾರು. ಒದಗಿದ್ದುದು ಅದಾವುದೂ ಅಲ್ಲ. 2023ರ ಸೆಪ್ಟೆಂಬರ್ 17ರ ಭಾನುವಾರದಿಂದ, ಬೀದಿದೀಪಗಳಿರುವ ಊರೊಳಗಿನ ರಸ್ತೆಗಳಲ್ಲಿ ವಾಹನಗಳ ವೇಗದ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 20 ಮೈಲಿಗೆ, ಎಂದರೆ 48 ಕಿಲೋಮೀಟರಿನಿಂದ 32ಕ್ಕೆ, ಇಳಿಸಲಾಗಿತ್ತು. ಅಷ್ಟೆ. ಅಲ್ಲಿಯ ಶಾಸನಸಭೆಯಾದ ಸೆನೆದ್‌ಗೆ ಅಷ್ಟು ದೊಡ್ಡ ಅರ್ಜಿ ಅದುವರೆಗೆ ಬಂದುದೇ ಇಲ್ಲ. ಕೆಲವೆಡೆ ಹೊಸ ಫಲಕಗಳ ಮೇಲೆ ಬಣ್ಣ ಬಳಿದು ಸಿಟ್ಟು ತೀರಿಸಿಕೊಂಡವರೂ ಉಂಟು.

ಈ ಕಾನೂನು ಹಠಾತ್ತಾಗಿ ಎರಗಿದುದಲ್ಲ. 2022ರ ಜುಲೈನಲ್ಲಿಯೇ ಸೆನೆದ್ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಅದಕ್ಕೂ ಮುನ್ನ ಸರ್ಕಾರ ಜನಾಭಿಪ್ರಾಯವನ್ನು ವಿಚಾರಿಸಿದಾಗ ಹೆಚ್ಚಿನವರು ಆಗಲಿ ಎಂದಿದ್ದರು. ಜಾರಿಗೆ ಬಂದ ಮೇಲೆ ಕೇಳಿದಾಗ ಹೆಚ್ಚಿನವರು ಬೇಡವೆಂದರು. ಇದನ್ನು ಜನರ ಚಂಚಲತೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೊದಲ ಸಲ ಉತ್ತರ ಕೊಟ್ಟವನು ತನ್ನ ಮನೆಯ ಬಾಗಿಲಲ್ಲಿ ನಿಂತ ಗೃಹಸ್ಥ. ಅವನ ಕಣ್ಣು ಬೀದಿಯಲ್ಲಿ ಆಡುತ್ತಿದ್ದ ಮಗುವಿನ ಮೇಲಿತ್ತು. ಎರಡನೆಯ ಸಲ ಉತ್ತರ ಕೊಟ್ಟವನು ಕೆಲಸಕ್ಕೆ ಹೊತ್ತಾಯಿತೆಂದು ಸ್ಟೀರಿಂಗು ಹಿಡಿದು ಕುಳಿತವನು. ಅವನ ಮುಂದಿದ್ದುದು ಪರರ ಬೀದಿ, ಪರರ ಮಗು. ಇಬ್ಬರೂ ಒಬ್ಬನೇ ಎಂಬುದೇ ಇಲ್ಲಿಯ ತೊಡಕು. ಊರು ಎರಡು ಪಕ್ಷವಾಗಿ ಒಡೆದಿದ್ದರೆ ರಾಜಕೀಯಸ್ಥರು ಹೇಗೋ ತೂಗಿ ನಿಭಾಯಿಸುತ್ತಿದ್ದರು. ಒಬ್ಬನ ಒಳಗೇ ಎರಡು ಪಕ್ಷಗಳಿದ್ದರೆ ಯಾವುದರ ಮತವನ್ನು ಎಣಿಸುವುದು?

ವೇಗದ ಮೇಲಣ ಮೋಹವನ್ನು ಪಡುವಣದ ಜನರ ಮೇಲೆ ಮಾತ್ರ ಹೊರಿಸಬೇಕಾಗಿಲ್ಲ. ನಮ್ಮ ಕಾವ್ಯಗಳ ಕುದುರೆಗಳೆಲ್ಲ ವಾಯುವೇಗ ಮನೋವೇಗದವೇ. ನಳೋಪಾಖ್ಯಾನದಲ್ಲಿ ಬಾಹುಕನು ರಥ ಹೊಡೆಯುತ್ತಿರುವಾಗ ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿರುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳು ತಲೆದೂಗುವ ಸಂದರ್ಭವಿದು. ಆದರೆ ಆ ದಾರಿಯಲ್ಲಿ ಶಾಲೆಯಿಲ್ಲ, ಸಂತೆಯಿಲ್ಲ. ಜಾರಿ ಬಿದ್ದುದು ಬರಿಯ ವಸ್ತ್ರ.

ವೇಲ್ಸಿನವರಿಗೆ ಹೊಸದೆನಿಸಿದ ಈ 20 ಮೈಲಿ ಬಹಳ ಹಳೆಯದು. 1865ರಲ್ಲಿ ಬ್ರಿಟನ್ನಿನ ಕಾಯಿದೆ ಉಗಿಬಂಡಿಗಳಿಗೆ ಊರೊಳಗೆ ಗಂಟೆಗೆ 2 ಮೈಲಿ ವಿಧಿಸಿ, ಮುಂದುಗಡೆ ಕೆಂಪು ಬಾವುಟ ಹಿಡಿದು ಒಬ್ಬನು ನಡೆಯಬೇಕೆಂದಿತು. 1903ರ ಕಾಯಿದೆ ಮೋಟಾರುಗಳಿಗೆ 20 ಮೈಲಿಯ ಮಿತಿಯನ್ನು ಗೊತ್ತುಮಾಡಿತು. 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದೇ, ಪೋಲೀಸರು ವೇಗ ಅಳೆಯಲು ಹೊಂಚಿರುವ ತಾಣಗಳನ್ನು ಸದಸ್ಯರಿಗೆ ಮುಂದಾಗಿ ತಿಳಿಸುವುದಕ್ಕಾಗಿ. 1930ರಲ್ಲಿ ಕಾರುಗಳಿಗಿದ್ದ ಮಿತಿಯನ್ನೇ ತೆಗೆದುಹಾಕಿದರು. 1934ರಲ್ಲಿ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಮರುವರ್ಷವೇ ಊರೊಳಗೆ 30 ಮೈಲಿಯ ಮಿತಿ ಬಂದಿತು. 2023ರಲ್ಲಿ ಜನ ತಮ್ಮ ಪಿತ್ರಾರ್ಜಿತವೆಂಬಂತೆ ಕಾಪಾಡಹೊರಟ ಆ 30 ಕೂಡ ಒಂದು ಕಾಲದ ನಿರ್ಬಂಧವೇ.

ಪರಿಣಾಮವೇನಾಯಿತು? ಮುಖ್ಯರಸ್ತೆಗಳಲ್ಲಿ ಸರಾಸರಿ ವೇಗ ಇಳಿದುದು ಮೂರು ನಾಲ್ಕು ಮೈಲಿಯಷ್ಟೆ. ಆದರೂ ಮುಂದಿನ ಒಂದು ವರ್ಷದಲ್ಲಿ ಆ ಬಗೆಯ ರಸ್ತೆಗಳಲ್ಲಿ ಸತ್ತವರ ಮತ್ತು ಗಾಯಗೊಂಡವರ ಸಂಖ್ಯೆ ಸುಮಾರು ಕಾಲುಭಾಗ ಕಡಿಮೆಯಾಯಿತು. ಹೊಡೆತದ ಬಲ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆಂಬುದು ಪ್ರೌಢಶಾಲೆಯ ಪಾಠ. 20 ಮೈಲಿಗಿಂತ 30 ಮೈಲಿಯ ಹೊಡೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಹಾಗೆಂದು ವಿರೋಧಿಸಿದವರೆಲ್ಲ ಅವಿವೇಕಿಗಳೆನ್ನಲಾರೆ. ಮನೆಗಳಿಲ್ಲದ, ಊರಿಂದೂರಿಗೆ ಕೂಡಿಸುವ ಕೆಲವು ರಸ್ತೆಗಳೂ ಈ ಮಿತಿಗೆ ಸಿಕ್ಕಿಕೊಂಡುವು. ಬಸ್ಸುಗಳ ವೇಳಾಪಟ್ಟಿ ಕೆಟ್ಟಿತು. ಯಾವ ರಸ್ತೆ ಎಂಥದೆಂಬುದು ಅಲ್ಲಿ ನಡೆದಾಡುವವನಿಗೆ ತಿಳಿದಷ್ಟು ರಾಜಧಾನಿಯ ನಕ್ಷೆಗೆ ತಿಳಿಯದು. 2024ರಲ್ಲಿ ಸಾರಿಗೆ ಸಚಿವರಾದ ಕೆನ್ ಸ್ಕೇಟ್ಸ್ ಅವರು ಸೂಚನೆಗಳನ್ನು ಸಡಿಲಿಸಿ, ಸ್ಥಳೀಯ ಕೌನ್ಸಿಲುಗಳು ಜನರ ಮಾತು ಕೇಳಿ ತಕ್ಕ ರಸ್ತೆಗಳಿಗೆ ಮರಳಿ 30 ಕೊಡಬಹುದೆಂದರು. ಕಾನೂನನ್ನು ಮಾತ್ರ ಕೈಬಿಡಲಿಲ್ಲ. ನನಗೆ ಇದು ಸರಿಯಾಗಿಯೇ ಕಾಣುತ್ತದೆ. ಅಂದಹಾಗೆ, ಆ ನಾಡಿನ ರಸ್ತೆಗಳ ಮೇಲೆ ನಿಧಾನವೆಂಬುದಕ್ಕೆ ಇಂಗ್ಲಿಷಿನೊಡನೆ ವೇಲ್ಸ್ ಭಾಷೆಯ ‘ಅರಾವ್’ ಎಂಬ ಪದವನ್ನೂ ಬರೆದಿರುತ್ತಾರೆ. ನಮ್ಮ ಹೆದ್ದಾರಿಗಳಲ್ಲಿ ಕನ್ನಡಕ್ಕೆ ಅಷ್ಟು ಜಾಗ ಎಲ್ಲೆಲ್ಲಿ ಇದೆಯೆಂಬುದನ್ನು ವಾಚಕರೇ ಗಮನಿಸಬಹುದು.

ನಮ್ಮಲ್ಲಿ ನಡೆದುದು ಇದಕ್ಕೆ ವಿಪರೀತ. 2018ರ ಏಪ್ರಿಲಿನಲ್ಲಿ ಕೇಂದ್ರಸರ್ಕಾರ ಹೊರಡಿಸಿದ ಅಧಿಸೂಚನೆ, ಪುರಸಭೆಗಳ ಎಲ್ಲೆಯೊಳಗೆ ಕಾರುಗಳಿಗೆ ಗಂಟೆಗೆ 70 ಕಿಲೋಮೀಟರಿನವರೆಗೆ ಅವಕಾಶ ಕೊಟ್ಟಿತು. 2021ರಲ್ಲಿ ಮದ್ರಾಸು ಹೈಕೋರ್ಟು ಅದನ್ನು ರದ್ದುಪಡಿಸಿ, ಮಿತಿಯನ್ನು ಇಳಿಸಬೇಕೆಂದಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491. ಅವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕ ಸಾವುಗಳಿಗೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿಯೇ ನಮೂದಿಸಿದೆ.

ಇಷ್ಟಾದರೂ ಇಲ್ಲಿ ಯಾರೂ ಲಕ್ಷಗಟ್ಟಲೆ ರುಜು ಕೂಡಿಸಿದಂತಿಲ್ಲ. ನಮ್ಮ ಊರುಗಳ ಅಭಿಪ್ರಾಯ ಪ್ರಕಟವಾಗುವುದು ಹಂಪಿನ ರೂಪದಲ್ಲಿ. ಶಾಲೆಯ ಮುಂದೆ ಒಂದು ಮಗು ಲಾರಿಗೆ ಸಿಕ್ಕುತ್ತದೆ. ಜನ ರಸ್ತೆಗೆ ಅಡ್ಡ ಕುಳಿತುಕೊಳ್ಳುತ್ತಾರೆ. ಅಧಿಕಾರಿ ಬಂದು ಮಾತು ಕೊಡುತ್ತಾರೆ. ವಾರದೊಳಗೆ ಜಲ್ಲಿ ಡಾಂಬರುಗಳ ದಿಬ್ಬವೊಂದು ಏಳುತ್ತದೆ. ಬಿಳಿಯ ಪಟ್ಟೆಯಿಲ್ಲ, ಫಲಕವಿಲ್ಲ. ಕತ್ತಲಲ್ಲಿ ಸ್ಕೂಟರಿನಲ್ಲಿ ಬಂದವನು ಅದರ ಮೇಲೆಯೇ ಬೀಳುತ್ತಾನೆ. ವಾಸ್ತವವಾಗಿ ಹಂಪಿಗೂ ಒಂದು ಶಾಸ್ತ್ರವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಮಾಡಿದ ಪ್ರಮಾಣ 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ; ಅದನ್ನು ದಾಟಬೇಕಾದ ವೇಗ ಗಂಟೆಗೆ 25 ಕಿಲೋಮೀಟರು. ಹಂಪು ಬೇಕೆಂದು ಬಿಸಿಲಲ್ಲಿ ಕುಳಿತ ನಮ್ಮ ಜನ, ವೇಲ್ಸಿನ ಮಂತ್ರಿಗಳಿಗಿಂತಲೂ ಕಡಿಮೆಯ ಮಿತಿಗೆ ಮತ ಹಾಕಿರುವರೆಂದಾಯಿತು.

ಆ ಮತವನ್ನು ಬರೆದುಕೊಳ್ಳುವ ಕಛೇರಿ ಯಾವುದು? ಮೋಟಾರು ವಾಹನಗಳ ಕಾಯಿದೆಯ 112ನೆಯ ಪ್ರಕರಣದ ಮೇರೆಗೆ ರಾಜ್ಯಸರ್ಕಾರವಾಗಲಿ ಅದು ಅಧಿಕಾರ ಕೊಟ್ಟವರಾಗಲಿ ಸ್ಥಳವಿಶೇಷಕ್ಕೆ ತಕ್ಕಂತೆ ಮಿತಿಯನ್ನು ಇಳಿಸಿ ಫಲಕ ನೆಡಬಹುದು. ಆದರೆ ನಮ್ಮ ಎಷ್ಟೋ ತಾಲ್ಲೂಕು ಪಟ್ಟಣಗಳಲ್ಲಿ ಪೇಟೆಬೀದಿಯೇ ಹೆದ್ದಾರಿ. ಹೂವು ಮಾರುವವಳಿಂದ ಸುಂಕ ಎತ್ತುವುದು ಪುರಸಭೆ. ಅವಳ ಬುಟ್ಟಿಯನ್ನು ಸವರಿಕೊಂಡು ಲಾರಿಗಳು ಓಡುವ ರಸ್ತೆ ಬೇರೊಂದು ಇಲಾಖೆಯದು.