ಮೊದಲ ಪುಟದ ಮೋಹ

ಬೆಟಗೇರಿಯಲ್ಲಿ ಕೈಮಗ್ಗದ ಸದ್ದು ಕೇಳುತ್ತ ಬೆಳೆದವಳು ನಾನು. ನಮ್ಮ ನಾದಿನಿ ಅಲ್ಲಿನ ನೇಕಾರರ ಸೀರೆ ಕೊಂಡು ಮಾರುತ್ತಾಳೆ. ಈಚೆಗೆ ಅವಳೂ ಅಂತರ್ಜಾಲದಲ್ಲಿ ಒಂದು ತಾಣ ತೆರೆದಳು. ಮೂರು ತಿಂಗಳಾದರೂ ಒಂದು ಫೋನ್ ಬರಲಿಲ್ಲ. ಆಗ ಬಂದ ಒಬ್ಬ ಹುಡುಗ, “ಅಕ್ಕಾರ, ಗೂಗಲ್‌ನ್ಯಾಗ ನಿಮ್ಮ ಅಂಗಡಿ ಮೊದಲನೇ ಪುಟಕ್ಕ ತರ್ತೀನ್ರಿ, ಗ್ಯಾರಂಟಿ” ಅಂದ. ಪಾಟಲಿ ಒತ್ತೆಯಿಟ್ಟು 18,000 ರೂಪಾಯಿ ಕೊಟ್ಟಳು. ಆಮೇಲೆ ಹೆಸರೂ ಬರಲಿಲ್ಲ, ಹುಡುಗನೂ ಬರಲಿಲ್ಲ.

ಈ ‘ಗ್ಯಾರಂಟಿ’ಯೇ ಮೋಸ. ಮೊದಲ ಸ್ಥಾನದ ಭರವಸೆ ಯಾರೂ ಕೊಡಲಾರರು ಎಂದು ಗೂಗಲ್ ಕಂಪನಿಯೇ ಬರೆದಿಟ್ಟಿದೆ. ಅವನು ಮಾಡಿದ್ದೇನು? ಪುಟದ ತುಂಬ ಇಂಗ್ಲಿಷಿನಲ್ಲಿ ‘ಬೆಸ್ಟ್ ಸ್ಯಾರಿ, ಚೀಪ್ ಸ್ಯಾರಿ’ ಎಂದು ಜಪ ಮಾಡಿದ್ದ. ಕಣ್ಣಿಗೆ ಕಾಣದಂತೆ ಕೀವರ್ಡ್‌ಗಳ ಪಟ್ಟಿ ತುರುಕಿದ್ದ. ಆ ಪಟ್ಟಿಯನ್ನು ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ! ಸೀರೆಯ ಉದ್ದ, ನೂಲು, ಬೆಲೆ, ಅಂಗಡಿಯ ವಿಳಾಸ ಮಾತ್ರ ಎಲ್ಲಿಯೂ ಇರಲಿಲ್ಲ. ಗಿರಾಕಿ ಕೇಳುವುದು ಅದನ್ನೇ ಅಲ್ಲವೇ?

“ಕನ್ನಡದಾಗ ಬರದ್ರ ಯಾರು ಹುಡುಕ್ತಾರ?” ಎಂದು ಮೂಗು ಮುರಿಯುವವರಿದ್ದಾರೆ. ಬೆಂಗಳೂರು, ಮುಂಬಯಿ ಗಿರಾಕಿಗಳಿಗಾಗಿ ಇಂಗ್ಲಿಷಿನಲ್ಲೂ ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಕನ್ನಡವನ್ನು ಅಳಿಸಿ ಬರೆಯಬೇಕೆ? 941ರ ಸುಮಾರಿಗೆ ತನ್ನ ಭಾರತ ಕಾವ್ಯ ಬರೆದ ಪಂಪ, ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಂಥ ಸೀಮೆಯ ನಾವು ನಮ್ಮ ಸರಕಿಗೆ ನಮ್ಮ ಮಾತಿನ ಚೀಟಿ ಅಂಟಿಸಲು ನಾಚುತ್ತೇವೆ!

2021ರ ಜೂನ್ ನೆನಪಿದೆಯೇ? ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಕೇಳಿದರೆ ಗೂಗಲ್ ‘ಕನ್ನಡ’ ಎಂದು ತೋರಿಸಿತ್ತು. ನಾಡೆಲ್ಲ ಸಿಟ್ಟಿಗೆದ್ದಿತು, ಕಂಪನಿ ಕ್ಷಮೆ ಕೇಳಿತು. ಯಂತ್ರಕ್ಕೆ ಸ್ವಂತ ಅಭಿಪ್ರಾಯವಿರಲಿಲ್ಲ. ಯಾರೋ ಬರೆದಿಟ್ಟದ್ದನ್ನು ಎತ್ತಿ ತೋರಿಸಿತು, ಅಷ್ಟೆ. ಬಿತ್ತದ ಹೊಲದಲ್ಲಿ ಕಸವೇ ಬೆಳೆಯುತ್ತದೆ. ಸಿಟ್ಟಾದ ನಮ್ಮಲ್ಲಿ ಆಮೇಲೆ ಎಷ್ಟು ಮಂದಿ ಬಿತ್ತಲು ಕೂತೆವು?

ನಾದಿನಿ ಮತ್ತು ನಾನು ಕೂತೆವು. ಪ್ರತಿ ಸೀರೆಗೂ ಒಂದು ಪುಟ, ಮೇಲೆ ಸ್ಪಷ್ಟ ಹೆಸರು, ಕೆಳಗೆ ಅಂಚು, ಸೆರಗು, ಒಗೆಯುವ ಬಗೆ. ಚಿತ್ರದ ಜೊತೆಗೂ ಅದೇನೆಂಬ ವಿವರಣೆ. ಗದಗ ಎನ್ನುವವರುಂಟು, ಗದುಗು ಎನ್ನುವವರುಂಟು. ಲಕ್ಷ್ಮೇಶ್ವರಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ. ಹುಡುಕುವವರ ಬಾಯಲ್ಲಿರುವ ಮಾತುಗಳನ್ನು ವಾಕ್ಯಗಳಲ್ಲಿ ಸಹಜವಾಗಿ ತಂದೆವು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ವೇಳೆ, ಫೋನ್ ನಮೂದಿಸಿದೆವು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

‘ಸೀರೆ’ ಎಂದಷ್ಟೇ ಹುಡುಕಿದರೆ ಇಂದಿಗೂ ನಾವು ಎಲ್ಲಿಯೂ ಕಾಣುವುದಿಲ್ಲ. ಅಲ್ಲಿ ದೊಡ್ಡ ಅಂಗಡಿಗಳ ದರ್ಬಾರು. ಆದರೆ ‘ಬೆಟಗೇರಿ ಕೈಮಗ್ಗದ ಸೀರೆ’ ಎಂದು ಹುಡುಕಿದ ಶಿರಹಟ್ಟಿಯ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. ಆಮೇಲೆ ಮುಂಡರಗಿಯಿಂದ ಒಂದು ಮದುವೆ ಮನೆಯವರು ಬಂದರು. ಪಾಟಲಿ ಇನ್ನೂ ಬಿಡಿಸಿಲ್ಲ, ಆದರೆ ಬಡ್ಡಿ ಕಟ್ಟುತ್ತಿದ್ದೇವೆ.

ತಂಗಿಯರೇ, ಮಸಾಲೆ ಪುಡಿಯೋ, ರೊಟ್ಟಿಯೋ, ಹೊಲಿಗೆಯೋ, ನಿಮ್ಮದೂ ಒಂದು ಉದ್ಯೋಗವಿದ್ದೀತು. ಗ್ಯಾರಂಟಿ ಎಂದು ಬಂದವನಿಗೆ ಚಹಾ ಕೊಟ್ಟು ಕಳಿಸಿರಿ, ಪಾಟಲಿ ಕೊಡಬೇಡಿರಿ. ನಿಮ್ಮ ಕೈಕೆಲಸದ ಬಗ್ಗೆ ನಿಮಗಿಂತ ಚೆನ್ನಾಗಿ ಬರೆಯಬಲ್ಲವರು ಯಾರಿದ್ದಾರೆ?